ಒಂಟೆಯ ಡುಬ್ಬವೂ ನಮ್ಮ ಪಾಠವೂ

ಒಂಟೆಯ ಡುಬ್ಬದಲ್ಲಿ ನೀರು ತುಂಬಿರುತ್ತದೆಂದು ನಮ್ಮಲ್ಲಿ ಅನೇಕರು ಬಾಲ್ಯದಲ್ಲಿ ನಂಬಿದ್ದುಂಟು. ಈ ಮಾತು ಇಂದಿಗೂ ಅಳಿದಿಲ್ಲ. ವಸ್ತುತಃ ಅಲ್ಲಿರುವುದು ಕೊಬ್ಬು. ನೀರಿನ ಗುಟ್ಟು ಬೇರೆಯೇ ಇದೆಯೆಂಬುದನ್ನು ಶರೀರಕ್ರಿಯಾ ವಿಜ್ಞಾನಿ ಕ್ನೂಟ್ ಷ್ಮಿಟ್-ನೀಲ್ಸನ್ ಮತ್ತು ಅವರ ಸಂಗಡಿಗರು 1953-54ರಲ್ಲಿ ಸಹಾರಾ ಮರುಭೂಮಿಯಲ್ಲಿ ಒಂಟೆಗಳನ್ನು ಅಭ್ಯಸಿಸಿ ತೋರಿಸಿಕೊಟ್ಟರು.

ನೀರು ದೊರೆಯದ ಬೇಸಗೆಯಲ್ಲಿ ಒಂಟೆಯ ಮೈಶಾಖ ಬೆಳಗಿನ ಜಾವ ಸುಮಾರು 34 ಡಿಗ್ರಿ ಸೆಲ್ಸಿಯಸ್‌ಗೆ ಇಳಿದು, ಹಗಲು 40ನ್ನೂ ದಾಟುತ್ತದೆ. ಬೆವರಿ ನೀರು ಕಳೆಯುವ ಬದಲು ಅದು ತಾಪವನ್ನು ತಾಳಿಕೊಂಡು, ರಾತ್ರಿಯ ತಂಪಿನಲ್ಲಿ ಬಿಟ್ಟುಕೊಡುತ್ತದೆ. ದಟ್ಟವಾದ ತುಪ್ಪಳ ಬಿಸಿಲನ್ನು ತಡೆಯುತ್ತದೆ. ಮೂತ್ರ ಅತ್ಯಲ್ಪ, ಹಿಕ್ಕೆ ಬಲು ಒಣ. ದೇಹತೂಕದ ಕಾಲುಭಾಗದಷ್ಟು ನೀರು ಕಳೆದುಕೊಂಡರೂ ಅದು ಬದುಕಬಲ್ಲುದು. ಬಾಯಾರಿದಾಗ ಕೆಲವೇ ನಿಮಿಷಗಳಲ್ಲಿ ಸುಮಾರು 100 ಲೀಟರು ಕುಡಿಯುವುದೂ ಕಳೆದುದನ್ನು ತುಂಬಿಕೊಳ್ಳುವುದಕ್ಕೇ ಹೊರತು ಮುಂದಕ್ಕೆ ಕೂಡಿಡುವುದಕ್ಕಲ್ಲ.

ಡುಬ್ಬದ ಕತೆಯನ್ನು ಕೇಳಿದ ಮಗು, ಕೂಡಿಟ್ಟವನೇ ಬಾಳುವನೆಂದು ತಿಳಿಯುತ್ತದೆ. ನಿಜವನ್ನು ಕೇಳಿದ ಮಗುವಾದರೋ, ಪೋಲುಮಾಡದವನು ಬಾಳುವನೆಂದು ಅರಿಯುತ್ತದೆ. ಬಾವಿಗಳು ಬತ್ತುತ್ತಿರುವ ನಮ್ಮ ನಾಡಿನ ಮಕ್ಕಳಿಗೆ ಬೇಕಾದುದು ಈ ಎರಡನೆಯ ಪಾಠ. ಅದು ನಮ್ಮ ತರಗತಿಗಳಲ್ಲಿ ಇಂದೇ ಮೊದಲಾಗಲೆಂದು ಅಧ್ಯಾಪಕ ಬಂಧುಗಳಲ್ಲಿ ನನ್ನ ಬಿನ್ನಹ.