ಹಳೆಯ ಫೋನು: ದುರಸ್ತಿಯೋ, ಹೊಸದೋ?

ಹಿಡಕಲ್ ಸೀಮೆಯ ಒಕ್ಕಲು ಮನೆತನಗಳಲ್ಲಿ ಒಂದು ವಸ್ತುವನ್ನು ಕೊಳ್ಳುವುದೆಂದರೆ ಅದನ್ನು ಬಹುಕಾಲ ಬಾಳಿಸುವುದೆಂದೇ ಅರ್ಥವಿದ್ದಿತು. ನೇಗಿಲು, ಕುಂಟೆ, ಕೂರಿಗೆಗಳನ್ನು ಮಾಡಿಕೊಟ್ಟ ಬಡಿಗನೇ ಅವುಗಳನ್ನು ವರುಷವರುಷವೂ ಸರಿಪಡಿಸುತ್ತಿದ್ದನು. ಸುಗ್ಗಿಯಲ್ಲಿ ಅವನಿಗೆ ಆಯದ ಕಾಳು ಸಲ್ಲುತ್ತಿದ್ದಿತು. ವಸ್ತು ಬಾಳಿಕೆ ಬಂದರೆ ಇಬ್ಬರಿಗೂ ಹಿತ. ಇಂದು ನಮ್ಮ ಕಿಸೆಯಲ್ಲಿರುವ ಸ್ಮಾರ್ಟ್‌ಫೋನನ್ನು ಮಾಡಿದವರು ನಮ್ಮ ಕಣ್ಣಿಗೆ ಕಾಣರು. ಅದು ಹಳತಾದಾಗ ದುರಸ್ತಿ ಮಾಡಿಸಬೇಕೇ, ಹೊಸದನ್ನು ತರಬೇಕೇ ಎಂಬುದನ್ನು ಮನೆಯವರೇ ಕುಳಿತು ಯೋಚಿಸಬೇಕಾಗಿದೆ. ಪಹಣಿ, ಬೆಳೆ ಸಮೀಕ್ಷೆ, ಬ್ಯಾಂಕಿನ ವ್ಯವಹಾರ, ಮಕ್ಕಳ ಪಾಠ ಎಲ್ಲವೂ ಅದರೊಳಗೆ ಸೇರಿರುವುದರಿಂದ ಇದು ಸಣ್ಣ ಮಾತಲ್ಲ.

ಘಟಪ್ರಭೆಯ ಅಣೆಕಟ್ಟಿನ ಮಗ್ಗುಲಲ್ಲಿ ಬಾಳುವ ನಮಗೆ ಇನ್ನೊಂದು ಅಣೆಕಟ್ಟಿನ ನಿದರ್ಶನವೇ ಸಾಕು. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಜಲಾಶಯದ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋಯಿತು. ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಗೇಟನ್ನಿಳಿಸಿ ನೀರನ್ನು ತಡೆದರು. ಬಳಿಕ, ಏಳು ದಶಕ ದುಡಿದ 33 ಗೇಟುಗಳನ್ನೂ ಬದಲಿಸುವ ನಿರ್ಧಾರವಾಯಿತು. ಆದರೆ ಅಣೆಕಟ್ಟನ್ನೇ ಕೆಡವಬೇಕೆಂದು ಯಾರೂ ಹೇಳಲಿಲ್ಲ. ಕೆಟ್ಟಿರುವುದು ಅಂಗವೋ, ಅಡಿಪಾಯವೋ ಎಂಬುದನ್ನು ಮೊದಲು ಅರಿಯಬೇಕು.

ಫೋನಿನ ಬ್ಯಾಟರಿ ಒಂದು ಅಂಗ. ಲಿಥಿಯಂ ಅಯಾನ್ ಬ್ಯಾಟರಿಯು ನೂರಾರು ಬಾರಿ ಚಾರ್ಜಾದ ಮೇಲೆ ಸತ್ವಗುಂದುವುದು ಅದರ ಸಹಜ ಧರ್ಮ. ಬೇಸಗೆಯ ತಾಪದಲ್ಲಿ ಇನ್ನೂ ಬೇಗ. ಮಧ್ಯಾಹ್ನಕ್ಕೇ ಫೋನು ಆರಿಹೋಗುತ್ತಿದ್ದರೆ ಬ್ಯಾಟರಿಯನ್ನಷ್ಟೇ ಬದಲಿಸಿ ನೋಡಬಹುದು. ಉಬ್ಬಿದ ಬ್ಯಾಟರಿಯನ್ನು ಮಾತ್ರ ಒಂದು ದಿನವೂ ಬಳಸಕೂಡದು, ಚುಚ್ಚಕೂಡದು, ಬೆಂಕಿ ಹೊತ್ತೀತು. ಒಡೆದ ಗಾಜು, ಸಡಿಲಾದ ಚಾರ್ಜಿಂಗ್ ಕಿಂಡಿ ಇವೂ ಅಂಗಗಳೇ. ಚಿತ್ರ, ವಿಡಿಯೋಗಳು ತುಂಬಿ ಫೋನು ನಿಧಾನವಾಗಿದ್ದರೆ ಅದು ರೋಗವೇ ಅಲ್ಲ; ಕಣಜವನ್ನು ಹಸನುಗೊಳಿಸಿದರಾಯಿತು. ನೀರು ಹೊಕ್ಕು ಮದರ್‌ಬೋರ್ಡ್ ಕೆಟ್ಟಿದ್ದರೆ ದುರಸ್ತಿಯ ಫಲ ಅನಿಶ್ಚಿತ.

ಇನ್ನು ಅಡಿಪಾಯದ ಮಾತು. ಫೋನಿನ ಸಾಫ್ಟ್‌ವೇರಿನಲ್ಲಿ ಕಾಲಕಾಲಕ್ಕೆ ಕಾಣಿಸುವ ಬಿರುಕುಗಳನ್ನು ತಯಾರಕರು ಅಪ್‌ಡೇಟುಗಳ ಮೂಲಕ ಮುಚ್ಚುತ್ತಾರೆ. ಅದು ನಿಂತುಹೋದರೆ ಯಾವ ಅಂಗಡಿಯವನೂ ಸರಿಪಡಿಸಲಾರ. 2025ರ ಜನವರಿಯಿಂದ ಆಂಡ್ರಾಯ್ಡ್ 5ಕ್ಕಿಂತ ಹಳೆಯ ಫೋನುಗಳಲ್ಲಿ ವಾಟ್ಸ್‌ಆ್ಯಪ್ ನಿಂತುದು ಇದರದೇ ಒಂದು ಕುರುಹು. ಇಂಥ ಫೋನು ಮಾತಿಗೆ ಒದಗೀತು. ಹಣದ ವ್ಯವಹಾರಕ್ಕೆ ಸಲ್ಲದು.

ಇಲ್ಲಿ ನಮ್ಮ ಮನೆಗಳ ಒಂದು ರೂಢಿಯನ್ನು ಪರಾಮರ್ಶಿಸಬೇಕು. ಹೊಸ ಫೋನು ಮಗನಿಗೆ, ಅವನು ಬಿಟ್ಟ ಹಳೆಯದು ತಾಯಿಗೆ. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿಯ ಹಣ ಜಮೆಯಾದುದು ಮನೆಯೊಡತಿಯ ಖಾತೆಗೆ. ಆ ಖಾತೆಯ ಸಂದೇಶಗಳು ಬರುವ ಫೋನೇ ಮನೆಯಲ್ಲೆಲ್ಲ ದುರ್ಬಲವಾದುದಾದರೆ ಅದು ವಿವೇಕವೇ? ಸುಭದ್ರವಾದ ಫೋನು ಯಾರ ಕೈಯಲ್ಲಿರಬೇಕೆಂಬುದನ್ನು ವಯಸ್ಸು ನೋಡಿ ಅಲ್ಲ, ಹೊಣೆ ನೋಡಿ ತೀರ್ಮಾನಿಸಬೇಕು.

ವೆಚ್ಚಕ್ಕೆ ನಾನು ಹೇಳುವ ಸೂತ್ರ ಸರಳ: ಅಪ್‌ಡೇಟು ಇನ್ನೂ ಬರುತ್ತಿದ್ದು, ದುರಸ್ತಿಯ ಖರ್ಚು ಅಂಥದೇ ಹೊಸ ಫೋನಿನ ಅರ್ಧ ಬೆಲೆಯನ್ನು ಮೀರದಿದ್ದರೆ ದುರಸ್ತಿಯೇ ಲೇಸು. ಕಬ್ಬಿನ ಬಿಲ್ಲು ಕೈಸೇರುವ ಮುನ್ನವೇ ಕಂತಿನ ಸಾಲ ಮಾಡಿ ಹೊಸದನ್ನು ತಂದರೆ ಫೋನಿಗಿಂತ ಮೊದಲು ಮನೆವಾರ್ತೆ ಕೆಟ್ಟೀತು. ಹೊಸದನ್ನೇ ಕೊಳ್ಳುವುದಾದರೆ ಎಷ್ಟು ವರ್ಷ ಅಪ್‌ಡೇಟು ಕೊಡುವರೆಂದು ಮೊದಲು ಕೇಳಿರಿ. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮದಂತೆ, ಒಂದು ಮಾದರಿಯ ಮಾರಾಟ ನಿಂತ ಮೇಲೂ 7 ವರ್ಷ ಮುಖ್ಯ ಬಿಡಿಭಾಗಗಳು ದೊರೆಯಬೇಕು. ನಮ್ಮ ಕೇಂದ್ರ ಸರಕಾರವೂ 2022ರ ಡಿಸೆಂಬರಿನಲ್ಲಿ ‘ದುರಸ್ತಿಯ ಹಕ್ಕು’ ಜಾಲತಾಣವನ್ನು ತೆರೆಯಿತು. ಕೇಳುವ ಗ್ರಾಹಕನಿದ್ದಲ್ಲಿ ಮಾತ್ರ ಹಕ್ಕಿಗೆ ಜೀವ.

ದುರಸ್ತಿಗೆ ಕೊಡುವ ಮುನ್ನ ಫೋನಿನಲ್ಲಿರುವ ಚಿತ್ರ, ಕಾಗದಪತ್ರಗಳ ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳಿರಿ. ಬಿಟ್ಟುಬಿಡುವ ಫೋನಿನಲ್ಲಿ ಎಲ್ಲವನ್ನೂ ಅಳಿಸಿರಿ. ಅದನ್ನು ತಿಪ್ಪೆಗೆ ಎಸೆಯದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿರಿ. ತಿಪ್ಪೆಯ ಗೊಬ್ಬರ ಹೋಗಿ ಸೇರುವುದು ನಮ್ಮದೇ ಹೊಲಕ್ಕಲ್ಲವೇ?