ಪಕ್ವವಾಗುವ ಮುನ್ನವೇ ಪರದೆಗೆ

ಸಾಮಾಜಿಕ ಜಾಲತಾಣಗಳು ಕಲೆಯನ್ನು ಕೆಡಿಸುತ್ತಿವೆ ಎನ್ನುವವರು ಮೊದಲು ಬೆರಳು ತೋರುವುದು ರೀಲ್ಸ್‌ನ ಅವಧಿಯತ್ತ. ಗಂಟೆಗಟ್ಟಲೆ ಅರಳಬೇಕಾದ ರಾಗವನ್ನು ಒಂದು ನಿಮಿಷಕ್ಕೆ ಕತ್ತರಿಸಿದರೆ ಉಳಿಯುವುದೇನು ಎಂಬುದು ಅವರ ಪ್ರಶ್ನೆ. ಆದರೆ ನಮ್ಮ ಸಂಗೀತದ ಚರಿತ್ರೆ ಈ ವಾದಕ್ಕೆ ತಲೆದೂಗುವುದಿಲ್ಲ.

1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮೋಫೋನಿಗೆ ಹಾಡಿದಾಗ ಅವರಿಗೆ ಸಿಕ್ಕಿದ್ದು ಸುಮಾರು ಮೂರೇ ನಿಮಿಷ. ಅಷ್ಟರಲ್ಲೇ ರಾಗದ ಮುಖ ತೋರಿಸುವ ಹೊಸ ಕೌಶಲವನ್ನು ಆ ತಲೆಮಾರಿನ ಗಾಯಕರು ಕಂಡುಕೊಂಡರು. ಅಬ್ದುಲ್ ಕರೀಂ ಖಾನರ ಅಂಥದೊಂದು ಗ್ರಾಮೋಫೋನ್ ತಟ್ಟೆಯನ್ನು ಕೇಳಿಯೇ ಗದುಗಿನ ಬಾಲಕ ಭೀಮಸೇನ ಜೋಶಿ ಗುರುವನ್ನು ಅರಸಿ ಮನೆ ಬಿಟ್ಟರು. ಕಾಲದ ಮಿತಿ ಸೃಜನಶೀಲತೆಯನ್ನು ಕೊಲ್ಲುವುದಾಗಿದ್ದರೆ ಅದು ಅಂದೇ ಸಾಯಬೇಕಿತ್ತು.

ಹಾಗಾದರೆ ಪೆಟ್ಟು ಬೀಳುತ್ತಿರುವುದೆಲ್ಲಿ? ಗಾಯಕಿ ಗಂಗೂಬಾಯಿ ಹಾನಗಲ್ ಅವರ ಬದುಕಿನಲ್ಲಿ ಉತ್ತರವಿದೆ. 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಅವರ ತಟ್ಟೆಗಳು ಹೊರಬಂದಿದ್ದವು. ಹೆಸರು ಬಂದ ಮೇಲೂ ಅವರು ಹುಬ್ಬಳ್ಳಿಯಿಂದ ರೈಲು ಹಿಡಿದು ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಮುಂದೆ ಶಿಷ್ಯೆಯಾಗಿ ಕುಳಿತರು. ಮಲ್ಲಿಕಾರ್ಜುನ ಮನ್ಸೂರರೂ ತಟ್ಟೆಗಳಿಂದ ಹೆಸರಾದ ಮೇಲೆಯೇ ಮಂಜಿ ಖಾನರ ಬಳಿ ಮತ್ತೆ ಕಲಿಕೆಗೆ ತೊಡಗಿದರು. ಮಾರುಕಟ್ಟೆಗೆ ಹೋದ ತಟ್ಟೆ, ಎಷ್ಟು ಜನ ಕೇಳಿದರು, ಎಲ್ಲಿ ಬೇಸತ್ತು ಗ್ರಾಮೋಫೋನಿನ ಮುಳ್ಳು ಎತ್ತಿದರು ಎಂಬ ವರದಿಯನ್ನು ಅಂದೇ ರಾತ್ರಿ ಹೊತ್ತು ತರುತ್ತಿರಲಿಲ್ಲ. ಹಾಡಿದ್ದಕ್ಕೂ ತೀರ್ಪಿಗೂ ನಡುವೆ ಇದ್ದ ಆ ಅಂತರದಲ್ಲೇ ರಿಯಾಜು ನಡೆಯುತ್ತಿತ್ತು.

ಇಂದು ಇಲ್ಲವಾಗಿರುವುದು ಆ ಅಂತರ. ಅಭ್ಯಾಸದ ಕೋಣೆಯೇ ವೇದಿಕೆಯಾಗಿದೆ. ಬೆಳಿಗ್ಗೆ ಕಲಿತ ತಾನ್ ಮಧ್ಯಾಹ್ನದ ಹೊತ್ತಿಗೆ ಪರದೆ ಏರುತ್ತದೆ. ಸಂಜೆಯೊಳಗೆ ಲೈಕುಗಳು ಅದರ ಬೆಲೆ ಕಟ್ಟುತ್ತವೆ. ಮೆಚ್ಚುಗೆ ಪಡೆದದ್ದನ್ನೇ ಮತ್ತೆ ಹಾಡುವ ಆಸೆ ಸಹಜ. ತಡವರಿಸುತ್ತ ಹುಡುಕುವ ನಿಧಾನದ ಆಲಾಪಕ್ಕೆ ಅಲ್ಲಿ ಜಾಗ ಕಡಿಮೆ. ಹೊಸದು ಹುಟ್ಟುವುದೋ ಆ ತಡವರಿಕೆಯಲ್ಲೇ.

ಅಮೆರಿಕದ ಮನೋವಿಜ್ಞಾನಿ ತೆರೆಸಾ ಅಮಾಬಿಲೆ 1979ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ಇಲ್ಲಿ ನೆನೆಯಬೇಕು. ಕಾಲೇಜು ವಿದ್ಯಾರ್ಥಿನಿಯರಿಗೆ ಕಾಗದದ ಚೂರುಗಳಿಂದ ಕೊಲಾಜ್ ಮಾಡಲು ಹೇಳಲಾಯಿತು. ತಮ್ಮ ಕೆಲಸವನ್ನು ಅಳೆಯಲಾಗುತ್ತದೆ ಎಂದು ಮೊದಲೇ ತಿಳಿದವರ ಕೃತಿಗಳಲ್ಲಿ ಸೃಜನಶೀಲತೆ ಕಡಿಮೆ ಕಂಡಿತು. ಹೇಗೆ ಮಾಡಬೇಕೆಂದು ಸ್ಪಷ್ಟವಾಗಿ ಹೇಳಿಸಿಕೊಂಡವರು ಮಾತ್ರ ಇದಕ್ಕೆ ಹೊರತು. ಅಳೆಯುವ ಕಣ್ಣು ಸದಾ ತೆರೆದಿರುವ ಕಡೆ, ಸಿದ್ಧಸೂತ್ರ ಹಿಡಿದವರು ಗೆಲ್ಲುತ್ತಾರೆ. ತಮ್ಮದೇ ದಾರಿ ಹುಡುಕುವವರು ಹಿಂದೆ ಬೀಳುತ್ತಾರೆ.

ಹಾಗೆಂದು ಜಾಲತಾಣಗಳಿಂದ ಆದ ಉಪಕಾರ ಸಣ್ಣದಲ್ಲ. ಸಂಗೀತ ಸಭೆಗಳ ಬಾಗಿಲು ತಟ್ಟಲಾಗದ ಹಳ್ಳಿಯ ತತ್ವಪದಕಾರರಿಗೂ ಯಕ್ಷಗಾನದ ಹೊಸ ಭಾಗವತರಿಗೂ ಅವು ಕೇಳುಗರನ್ನು ಒದಗಿಸಿವೆ. ಊರಿಂದ ದೂರವಿರುವ ಕನ್ನಡಿಗರ ಮಕ್ಕಳು ಇಲ್ಲಿನ ಗುರುಗಳಿಂದ ಪಾಠ ಹೇಳಿಸಿಕೊಳ್ಳುವಂತಾಗಿದೆ. ಈ ಬಾಗಿಲು ಮುಚ್ಚಬಾರದು. ಆದರೆ ಅಭ್ಯಾಸದ ಕೋಣೆಯ ಬಾಗಿಲನ್ನೂ ತೆರೆದಿಡಬೇಕಿಲ್ಲ.

ಆದ್ದರಿಂದ ನಿಯಮವೊಂದು ಬೇಕು: ಮುಗಿದದ್ದನ್ನು ಹಂಚಿಕೊಳ್ಳಿ, ಕಲಿಯುತ್ತಿರುವುದನ್ನು ಕಾಪಾಡಿಕೊಳ್ಳಿ. ಪಾಠದ ಹೊತ್ತಿನಲ್ಲಿ ಫೋನು ಹೊರಗಿರಲಿ ಎಂದು ಗುರುಗಳು ಹೇಳಲಿ. ಕಛೇರಿಗೆ ಕರೆಯುವಾಗ ಸಂಘಟಕರು ಹಿಂಬಾಲಕರ ಲೆಕ್ಕ ಕೇಳದಿರಲಿ. ಲೈಕುಗಳ ಸಂಖ್ಯೆಯನ್ನು ಮರೆಮಾಡುವ ಆಯ್ಕೆ 2021ರಿಂದ ಇನ್‌ಸ್ಟಾಗ್ರಾಂನಲ್ಲಿದೆ. ಕಲಾವಿದರು ಅದನ್ನು ಬಳಸಲಿ. ಮಗುವಿನ ಮೊದಲ ಸರಳೆಯನ್ನೇ ಲೋಕಕ್ಕೆ ತೋರಿಸುವ ಹೆತ್ತವರು ತುಸು ತಾಳಲಿ.

ಕುಂದಗೋಳದ ಆ ರೈಲು ಪಯಣಗಳನ್ನು ಯಾರೂ ಚಿತ್ರೀಕರಿಸಲಿಲ್ಲ. ಗಂಗೂಬಾಯಿಯವರ ಖಯಾಲಿನ ಆ ಗಾಂಭೀರ್ಯ ಹದಗೊಂಡದ್ದು ಯಾರ ಎಣಿಕೆಗೂ ಸಿಗದ ಆ ದಿನಗಳಲ್ಲಿ. ಅಂಥ ದಿನಗಳು ಇಂದಿನ ಮಕ್ಕಳಿಗೂ ಸಿಗಬೇಕು.