ಅಪ್ಪನ ಮುಪ್ಪು ಮಗನ ತಲೆಗೆ



ಯಯಾತಿ ಕತೆಯನ್ನು ನಮಗೆ ಹೇಳಿಕೊಟ್ಟವರೆಲ್ಲ ಪುರುವನ್ನು ಹೊಗಳಿಯೇ ಹೇಳಿಕೊಟ್ಟರು. ಅಪ್ಪನ ಮುಪ್ಪು ಹೊತ್ತು ತನ್ನ ಹರೆಯ ಕೊಟ್ಟ, ಮಗ ಅಂದ್ರೆ ಹೀಗಿರಬೇಕು ಅಂತ. ಆ ಮುಪ್ಪು ಬಂದದ್ದು ಯಾಕೆ ಅಂದರೆ ಮಾತು ಬೇರೆ ಕಡೆ ತಿರುಗುತ್ತದೆ. ನಾವು ಅದನ್ನೇ ಕೇಳೋಣ.

ಮಾವ ಶುಕ್ರಾಚಾರ್ಯ ಬೇಡವೆಂದಿದ್ದರೂ ಯಯಾತಿ ಹೆಂಡತಿ ದೇವಯಾನಿಗೆ ದ್ರೋಹ ಮಾಡಿ, ಅವಳ ದಾಸಿ ಶರ್ಮಿಷ್ಠೆಯನ್ನು ಗುಟ್ಟಾಗಿ ಕೂಡಿದ. ಮೂರು ಗಂಡುಮಕ್ಕಳಾದವು. ಮಹಾಭಾರತದ ಆದಿಪರ್ವದಲ್ಲಿ ಒಂದು ಪ್ರಸಂಗ ಇದೆ. ಆಡುತ್ತಿದ್ದ ಆ ಹುಡುಗರನ್ನು ಕಂಡು ದೇವಯಾನಿ ನಿಮ್ಮಪ್ಪ ಯಾರು ಅಂತ ಕೇಳುತ್ತಾಳೆ. ಅವು ಬೆರಳು ಮಾಡಿ ರಾಜನನ್ನೇ ತೋರಿಸುತ್ತವೆ, ಅವನ ಹತ್ತಿರ ಓಡುತ್ತವೆ. ರಾಣಿ ಎದುರಿಗಿದ್ದಾಳೆ ಅಂತ ರಾಜ ಎತ್ತಿಕೊಳ್ಳುವುದಿಲ್ಲ. ಮಕ್ಕಳು ಅಳುತ್ತ ತಾಯಿ ಹತ್ತಿರ ಹೋಗುತ್ತವೆ. ಆ ಮೂವರಲ್ಲಿ ಕಿರಿಯವನೇ ಪುರು.

ಇಷ್ಟು ಗೊತ್ತಾದ ಮೇಲೆ ಪಿತೃಭಕ್ತಿಯ ಪಾಠ ನಮ್ಮ ಗಂಟಲಲ್ಲಿ ಇಳಿಯುವುದಿಲ್ಲ. ಎತ್ತಿಕೊಳ್ಳಬೇಕಾದಾಗ ಗುರುತು ಸಿಗದವನು, ಶುಕ್ರನ ಶಾಪ ತಗುಲಿದ ಮೇಲೆ ಮಗ ಆಗಿಬಿಟ್ಟ! ಆಗೋಲ್ಲ ಅಂದ ಉಳಿದ ನಾಲ್ಕು ಗಂಡುಮಕ್ಕಳಿಗೂ ಅಪ್ಪನಿಂದಲೇ ಶಾಪ. ಪುರುವಿಗೆ ಕೊನೆಗೆ ರಾಜ್ಯ ಸಿಕ್ಕಿತಲ್ಲ ಅನ್ನುವವರಿದ್ದಾರೆ. ಸಾವಿರ ವರ್ಷದ ಹರೆಯಕ್ಕೆ ಕೊಟ್ಟ ಕೂಲಿ ಅದು.

1961ರಲ್ಲಿ ಪ್ರಕಟವಾದ ಗಿರೀಶ ಕಾರ್ನಾಡರ 'ಯಯಾತಿ' ನಾಟಕದಲ್ಲಿ ಪುರು ಶರ್ಮಿಷ್ಠೆಯ ಮಗನಲ್ಲ. (ಆ ಅಳುವ ಮಕ್ಕಳು ಹೀಗೆ ತಪ್ಪಿಹೋದವು. ನಮಗೆ ಅದು ನಷ್ಟವೇ.) ಆದರೆ ಕಾರ್ನಾಡರು ಇನ್ನೊಬ್ಬಳನ್ನು ತಂದರು. ಪುರು ಹೊಸದಾಗಿ ಕಟ್ಟಿಕೊಂಡು ಬಂದ ಚಿತ್ರಲೇಖೆ. ಹರೆಯ ಕೊಡುವಾಗ ಅವಳನ್ನು ಒಂದು ಮಾತು ಕೇಳಿದವರಿಲ್ಲ. ಇಲ್ಲಿ ಪುರುವಿನ ಮೇಲೂ ನಮ್ಮ ಸಿಟ್ಟಿದೆ. ಅವನು ಕೊಟ್ಟದ್ದು ತನ್ನದೊಂದನ್ನೇ ಅಲ್ಲ, ಅವಳ ಬದುಕನ್ನೂ ಕೊಟ್ಟ. ಅವಳು ಸುಮ್ಮನೆ ಕೂತು ಅಳುವವಳಲ್ಲ. ಮಾವನ ಎದುರಿಗೇ ನಿಂತು, ನನ್ನ ಗಂಡನ ಹರೆಯ ಈಗ ನಿನ್ನ ಮೈಯಲ್ಲಿದೆ, ಹಾಗಾದರೆ ನನ್ನನ್ನೂ ನೀನೇ ತಗೋ ಅನ್ನುತ್ತಾಳೆ. ಯಯಾತಿಗೆ ಆಗ ನೋಡಿ ಧರ್ಮ ನೆನಪಾಗುವುದು! ಅವಳು ವಿಷ ಕುಡಿದು ಸಾಯುತ್ತಾಳೆ. ಮನೆಯಲ್ಲಿ ಹೆಣ ಬಿದ್ದ ಮೇಲೆಯೇ ಅವನು ತನ್ನ ಮುಪ್ಪನ್ನು ವಾಪಸು ತಗೊಳ್ಳುವುದು.

ಹಾಸ್ಟೆಲ್ಲಿನಲ್ಲಿ ಈ ನಾಟಕ ಆಡುವ ಗೆಳೆಯರು ಹೊತ್ತಾಯಿತು ಅಂತ ಚಿತ್ರಲೇಖೆಯ ಮಾತುಗಳನ್ನು ಕತ್ತರಿಸಬೇಡಿ. ಆದಿಪರ್ವದ ಆ ಮೂರು ಹುಡುಗರ ಪ್ರಸಂಗವನ್ನೂ ನಿಮ್ಮಲ್ಲಿ ಯಾರಾದರೂ ಒಂದು ಸಣ್ಣ ಬೀದಿನಾಟಕ ಮಾಡಿ ಬರೆಯಿರಿ. ರಾಜನ ಪಾತ್ರಕ್ಕೆ ಮಾತು ಬೇಡ. ಮಕ್ಕಳು ಓಡಿ ಬಂದಾಗ ಕೈ ಚಾಚದೆ ನಿಂತಿದ್ದರೆ ಸಾಕು.